ಪಾದ ನೆಲ ಬಿಟ್ಟಿತ್ತೇನು?

ಮುಂಜಾನೆ ನಾನು ತಿರುಗಾಡಲು ಹೋಗುವ ಮೈದಾನಕ್ಕೆ ಒಬ್ಬ ನಿವೃತ್ತ ಎಂಜಿನಿಯರ್ ಸಾಹೇಬರು ಬರುತ್ತಾರೆ. ಡಾಕ್ಟರು ಅವರಿಗೆ ದಿನಕ್ಕೆ ಹತ್ತು ಸುತ್ತು ಎಂದು ಬರೆದುಕೊಟ್ಟಿದ್ದಾರಂತೆ. ಎಡಗಡೆಯ ಕಿಸೆಯಲ್ಲಿ ಹತ್ತು ಹುಣಸೆಬೀಜ ಹಾಕಿಕೊಂಡು ಬರುತ್ತಾರೆ. ಒಂದು ಸುತ್ತು ಮುಗಿದರೆ ಒಂದು ಬೀಜ ಬಲಗಡೆಯ ಕಿಸೆಗೆ ಹೋಗುತ್ತದೆ. ಮೈದಾನದ ಬಡಗಣ ಮೂಲೆಯಲ್ಲಿ ಮಳೆಗಾಲಕ್ಕೆ ನೀರು ನಿಂತು ರಾಡಿಯಾಗುವುದರಿಂದ ಸಾಹೇಬರು ಆ ಮೂಲೆಯನ್ನು ಬಿಟ್ಟು ಅಡ್ಡ ಹಾಯುತ್ತಾರೆ. ಮಳೆಗಾಲದಲ್ಲಿ ಸರಿಯೆನ್ನಿ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗಲೂ ಹಾಗೇ ಹಾಯುತ್ತಾರೆ. ಬೀಜಗಳು ಮಾತ್ರ ಹತ್ತಕ್ಕೆ ಹತ್ತೂ ಬಲಗಡೆಗೆ ಹೋಗಿರುತ್ತವೆ.

ಬೆಂಚಿನ ಮೇಲೆ ಕೂಡುವ ನಮ್ಮ ಮಂಡಳಿಗೆ ಇದೇ ದಿನದ ಮೊದಲ ತಮಾಷೆ. ಮೊನ್ನೆ ಒಬ್ಬರು ನನ್ನ ಬೆನ್ನು ತಟ್ಟಿ, "ನೀವರ ಹೇಳ್ರಿ ಅವರಿಗೆ. ನೀವು ಒಂದ ಹೆಜ್ಜಿ ಬಿಡಲಾರದ ಕ್ಯಾಸಲ್‌ರಾಕ್‌ತನಾ ನಡದಾವ್ರು. ನಿಮ್ಮ ಮಾತ ಕೇಳ್ತಾರ" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಗ್ಗಿ ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟಿದೆ. ಆ ಮಾತು ಯಾರ ಬಾಯಲ್ಲಿ ಬಂದರೂ ನನ್ನ ಬಾಯಿ ಕಹಿಯಾಗುತ್ತದೆ. ಯಾಕೆಂದು ಯಾರಿಗೂ ಹೇಳಿಲ್ಲ. ಇವತ್ತು ನಿಮಗೆ ಹೇಳಿಬಿಡುತ್ತೇನೆ.

ಅದಕ್ಕೂ ಮೊದಲು ನಮ್ಮ ಅತ್ತೆ ಗೌರವ್ವತ್ತಿಯ ದೀಡ ನಮಸ್ಕಾರದ ಸುದ್ದಿ. ನಾನು ಏಳೆಂಟು ವರ್ಷದವನಿದ್ದಾಗ ಅವಳ ಮಗನಿಗೆ ವಿಷಮಜ್ವರ ಬಂದು ಬದುಕಿದ. ಗುಡಿಯ ಸುತ್ತ ಐದು ಸುತ್ತು ದೀಡ ನಮಸ್ಕಾರ ಹಾಕುತ್ತೇನೆಂದು ಅತ್ತಿ ಹರಕೆ ಹೊತ್ತಿದ್ದಳು. ನೆಲದ ಮೇಲೆ ಉದ್ದಕ್ಕೆ ಬೋರಲು ಮಲಗುವುದು, ಕೈ ಮುಟ್ಟಿದಲ್ಲಿ ಗೆರೆ ಎಳೆಯುವುದು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುವುದು. ಮೂರು ಸುತ್ತು ಮುಗಿಯುವಷ್ಟರಲ್ಲಿ ಗೌರವ್ವತ್ತಿಗೆ ಕಣ್ಣಿಗೆ ಕತ್ತಲೆ ಬಂತು. ಅವಳ ತಂಗಿ ನೀಲವ್ವ ಸೆರಗು ಬಿಗಿದು ಉಳಿದೆರಡು ಸುತ್ತು ಹಾಕಿ ಮುಗಿಸಿದಳು. ಹರಕೆ ಮುಟ್ಟಿತೋ ಇಲ್ಲವೋ ಎಂದು ಒಂದು ತಿಂಗಳು ನಮ್ಮ ಮನೆಯಲ್ಲಿ ಕೋರ್ಟು ನಡೆಯಿತು. ರವಿವಾರಪೇಟೆಯ ನಮ್ಮ ಅಂಗಡಿಯಿಂದ ಊಟಕ್ಕೆ ಬಂದ ಅಪ್ಪನಿಗೂ ಬಿಡುವಿಲ್ಲ, ತುತ್ತು ಕೈಯಲ್ಲಿ ಹಿಡಿದು ತೀರ್ಪು ಹೇಳಬೇಕು. ಕೊನೆಗೆ ಅಜ್ಜಿ ಸಿಟ್ಟಾಗಿ, "ದೇವರೇನ ಕಟ್ಟೀ ಮ್ಯಾಲ ಕೂತ ಎಣಸ್ತಾನೇನ? ಎಣಸಾಕಿ ಆಕಿ. ಆಕಿಗಿ ಮುಗದೈತಿ ಅನಿಸಿದ್ರ ಮುಗದೈತಿ" ಎಂದು ಬಾಯಿ ಮುಚ್ಚಿಸಿದಳು. ಗೌರವ್ವತ್ತಿಗೆ ಮಾತ್ರ ಸಾಯುವವರೆಗೂ ಹಾಗೆ ಅನಿಸಲಿಲ್ಲ. ಮಗ ದೊಡ್ಡವನಾಗಿ ಮೀಸೆ ಬಂದ ಮೇಲೂ ಅವನು ಸೀನಿದರೆ ಸಾಕು, "ಆ ಎರಡ ಸುತ್ತ ಉಳದಾವು" ಎಂದು ಹಣೆ ಮುಟ್ಟಿಕೊಳ್ಳುತ್ತಿದ್ದಳು. ನಾವು ಹುಡುಗರು ಅವಳನ್ನು ಅಣಕಿಸಿ ನಗುತ್ತಿದ್ದೆವು. ನಾನು ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದೆ.

ಇನ್ನು ಕ್ಯಾಸಲ್‌ರಾಕ್. ಎಪ್ಪತ್ತರ ದಶಕದ ನಡುವಿನ ಮಾತು. ಬೆಳಗಾವಿಯಲ್ಲಿ ನಾನು ಓದುತ್ತಿದ್ದ ಕಾಲೇಜಿನಲ್ಲಿ ಜಾಧವ ಮಾಸ್ತರು ಎಂಬವರು ಡ್ರಿಲ್ ಕಲಿಸುತ್ತಿದ್ದರು. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಮನೆಮಾತು ಮರಾಠಿ, ನಮ್ಮನ್ನು ಬಯ್ಯುವುದು ಕನ್ನಡದಲ್ಲಿ, ತೀರಾ ಸಿಟ್ಟು ಬಂದರೆ ಹಿಂದಿಯಲ್ಲಿ. ಅವರು ಪ್ರತಿವರ್ಷ ದೀಪಾವಳಿ ಸೂಟಿಯಲ್ಲಿ ಹುಡುಗರಿಂದ ಒಂದು ನಡಿಗೆ ಮಾಡಿಸುತ್ತಿದ್ದರು. ಬೆಳಗಾವಿ ಕೋಟೆಯ ಬಾಗಿಲಿನಿಂದ ಹೊರಟು ಖಾನಾಪುರ, ಗುಂಜಿ, ಲೋಂಡಾ, ತಿನೈಘಾಟ ದಾಟಿ ಐದನೆಯ ದಿನ ಕ್ಯಾಸಲ್‌ರಾಕ್ ಸ್ಟೇಷನ್ ಮುಟ್ಟಬೇಕು. ಮಾಸ್ತರು ಮಾತ್ರ ನಡೆಯುತ್ತಿರಲಿಲ್ಲ. ದಿನಾ ರೈಲಿನಲ್ಲಿ ಮುಂದಿನ ಊರಿಗೆ ಹೋಗಿ, ಚಹಾ ಕುಡಿದು, ನಮಗಾಗಿ ಅನ್ನ ಬೇಯಿಸಲು ಇಟ್ಟು ಕಾಯುತ್ತಿದ್ದರು. ಕೇಳಿದರೆ, "ನಾ ಚೀನಾ ಗಡೀತನಾ ನಡದೇನಿ. ನಂದು ಮುಗದೈತಿ" ಎನ್ನುತ್ತಿದ್ದರು.

ಅವರ ನೇಮ ಒಂದೇ. ಕೋಟೆಯ ಬಾಗಿಲಿಂದ ಕ್ಯಾಸಲ್‌ರಾಕ್‌ವರೆಗೆ ಪಾದ ನೆಲ ಬಿಡಬಾರದು. ಸೈಕಲ್ಲಿಲ್ಲ, ಬಸ್ಸಿಲ್ಲ, ರೈಲಿಲ್ಲ, ಎತ್ತಿನ ಚಕ್ಕಡಿಯೂ ಇಲ್ಲ. ಹುಡುಗರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, ಒಂದು ಜೋಡಿಗೂ ಇನ್ನೊಂದಕ್ಕೂ ಅರ್ಧ ತಾಸಿನ ಅಂತರ ಇಟ್ಟು ಬಿಡುತ್ತಿದ್ದರು. ಕೊನೆಯ ದಿನ ಸ್ಟೇಷನ್ನಿನಲ್ಲಿ ಒಬ್ಬೊಬ್ಬನನ್ನೂ ನಿಲ್ಲಿಸಿ ವಿಚಾರಣೆ. ಇಲ್ಲಿಯೇ ಅವರ ಹವಾಲ್ದಾರ ಬುದ್ಧಿ ಇದ್ದದ್ದು. ನೀನು ನಡೆದೆಯಾ ಎಂದು ಕೇಳುತ್ತಿರಲಿಲ್ಲ, ಜೋಡೀದಾರ ನಡೆದನೇ ಎಂದು ಕೇಳುತ್ತಿದ್ದರು. "ತನ್ನ ಬಗ್ಗೆ ಎಲ್ಲಾರೂ ಛಲೋನ ಹೇಳ್ತಾರ. ನಿನ್ನ ಸುದ್ದಿ ನಿನ್ನ ಜೋಡೀದಾರ ಹೇಳ್ಬೇಕು. ಅಂವ ಹೇಳಿದ್ದ ಖರೇ" ಎನ್ನುವರು. ತನ್ನ ಪರವಾಗಿ ತಾನು ಒಂದು ಮಾತು ಆಡಿದರೂ ಹೆಸರು ಹೊಡೆದುಹಾಕುತ್ತಿದ್ದರು.

ನನ್ನ ಜೋಡೀದಾರ ಬಸಲಿಂಗ. ನಂದಗಡದವನು, ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯದಲ್ಲಿದ್ದುಕೊಂಡು ಓದುತ್ತಿದ್ದ. ಮಾತು ಕಡಿಮೆ. ಊರಿಗೆ ಹೋಗುವಾಗ ಖಾನಾಪುರದವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ನಂದಗಡಕ್ಕೆ ನಡೆದೇ ಬಿಡುವವನು, ಅದೂ ತಲೆಯ ಮೇಲೆ ಟ್ರಂಕು ಹೊತ್ತು. ಆ ಟ್ರಂಕಿನ ಮುಚ್ಚಳದ ಒಳಗೆ ಹಳೆಯ ಕ್ಯಾಲೆಂಡರಿನಿಂದ ಹರಿದ ಒಂದು ಚಿತ್ರ ಅಂಟಿಸಿದ್ದ. ಹಿಮದ ಗುಡ್ಡ, ಅದರ ಮೇಲೆ ಬೆಳಗಿನ ಬಿಸಿಲು. ಅದನ್ನು ಯಾರಿಗಾದರೂ ತೋರಿಸುವಾಗ ಮಾತ್ರ ಅವನಿಗೆ ಎರಡು ಮಾತು ಹೆಚ್ಚು ಬರುತ್ತಿದ್ದವು.

ಆ ವರ್ಷದ ನಡಿಗೆಗೆ ಹಿಂದೆಂದೂ ಇಲ್ಲದ ಒಂದು ಆಸೆ ಸೇರಿಕೊಂಡಿತು. ಹಿಮಾಲಯದ ಕಡೆಯ ಒಂದು ಪರ್ವತಾರೋಹಣ ಶಿಬಿರದಲ್ಲಿ ಮಾಸ್ತರಿಗೆ ಗುರುತಿನವರಿದ್ದರು, ಅಲ್ಲಿ ನಮ್ಮ ಕಾಲೇಜಿಗೆ ಒಂದು ಜಾಗ ಕೊಡಿಸಿದ್ದರು. ನಡಿಗೆ ಪೂರಾ ಮುಗಿಸಿದವರಲ್ಲಿ ಒಬ್ಬನಿಗೆ ಆ ಜಾಗ ಎಂದು ಕೋಟೆಯ ಬಾಗಿಲಲ್ಲೇ ಸಾರಿದರು. ಬಸಲಿಂಗನ ಮುಖ ನೋಡಬೇಕಿತ್ತು ನೀವು. ನಾನು ನೋಡಿದೆ. ನನಗೆ ಹಿಮದ ಹುಚ್ಚೇನೂ ಇರಲಿಲ್ಲ, ಗುಡ್ಡ ಎಂದರೆ ಕಾಲುನೋವು ಎಂದಷ್ಟೇ ಗೊತ್ತಿತ್ತು. ಅವನ ಮುಖ ನೋಡಿದ ಮೇಲೆ ನನಗೂ ಬೇಕೆನಿಸಿತು.

ಹೊರಟಾಗ ಮೂರು ಜೋಡಿ, ಆರು ಜನ. ಖಾನಾಪುರ ಮುಟ್ಟುವಷ್ಟರಲ್ಲಿ ಇಬ್ಬರ ಹಿಮ್ಮಡಿಗಳು ಹೋಳಿಗೆಯಂತೆ ಉಬ್ಬಿದವು, ಅವರು ಮರುದಿನದ ಬಸ್ಸಿಗೆ ಊರು ಸೇರಿದರು. ಇನ್ನೊಂದು ಜೋಡಿ ಲೋಂಡಾದಲ್ಲಿ ಬಿತ್ತು. ಒಬ್ಬನ ಸೋದರಮಾವನ ಮನೆ ಅಲ್ಲಿತ್ತು, ಕರ್ಚಿಕಾಯಿಯ ವಾಸನೆ ಬಂದದ್ದೇ ಹುಡುಗ ಹಿಮಾಲಯವನ್ನು ಮರೆತ. ಅವನ ಜೋಡೀದಾರನೂ ಅಲ್ಲೇ ಎಲೆ ಹಾಕಿಸಿಕೊಂಡು ಕೂತ. ಉಳಿದದ್ದು ನಾವಿಬ್ಬರು.

ಆದರೆ ನಡೆದದ್ದು ಲೋಂಡಾಕ್ಕೂ ಮೊದಲು, ಎರಡನೆಯ ದಿನ, ಗುಂಜಿಯ ಹತ್ತಿರ. ಖಾನಾಪುರ ಬಿಟ್ಟು ಹೊಲದ ಹಾದಿ ಹಿಡಿದಿದ್ದೆವು. ಭತ್ತದ ಗದ್ದೆಗಳು ಮುಗಿದು ಕಾಡಿನ ಅಂಚು ಶುರುವಾಗುವಲ್ಲಿ, ದೊಡ್ಡದೊಂದು ಅತ್ತಿಮರದ ಕೆಳಗೆ ನಾನು ಕುಂಟುತ್ತ ನಿಂತೆ. ಹಿಂದಿನಿಂದ ಒಂದು ಖಾಲಿ ಚಕ್ಕಡಿ ಬಂತು. ಹೊಡೆಯುತ್ತಿದ್ದವನು ಒಬ್ಬ ಮುದುಕ. ಎತ್ತು ನಿಲ್ಲಿಸಿ, "ಎಲ್ಲಿಗ್ರೀ ತಮ್ಮಾ?" ಎಂದ. ಗುಂಜಿಗೆ ಎಂದೆವು.

"ಬರ್ರಿ, ಕುಂದರ್ರಿ. ನಾನೂ ಅತ್ತಾಗ ಹೊಂಟೇನಿ. ಇನ್ನ ಎರಡ ಮೈಲ ಐತಿ, ಬಿಸಲಾಗ ಯಾಕ ಕಾಲ ಸವಸ್ತೀರಿ?" ಎಂದು, ಹೆಗಲ ಮೇಲಿನ ಟವೆಲ್ಲಿನಿಂದ ಹಲಗೆಯ ಹುಲ್ಲುದೂಳು ಜಾಡಿಸಿ, ಅದೇ ಟವೆಲ್ಲು ಹಾಸಿದ.

ನಮ್ಮ ಸೀಮೆಯಲ್ಲಿ ಹಾದಿ ನಡೆಯುವವನನ್ನು ಕಂಡು ಚಕ್ಕಡಿ ನಿಲ್ಲಿಸದೆ ಹೋಗುವವನಿಲ್ಲ, ಕರೆದ ಮೇಲೆ ಹತ್ತದೆ ಇರುವವನೂ ಇಲ್ಲ. ಮಾಸ್ತರು ನೇಮ ಕಟ್ಟುವಾಗ ಇದನ್ನು ಯೋಚಿಸಿರಲಿಲ್ಲ, ಅವರು ರೈಲಿನಲ್ಲಿ ಹೋಗುವವರು.

"ಬ್ಯಾಡ್ರಿ ಅಜ್ಜಾ, ನಾವು ಕುಂದ್ರಂಗಿಲ್ಲ" ಎಂದೆ ನಾನು.

ಮುದುಕ ನಮ್ಮನ್ನು ನೆತ್ತಿಯಿಂದ ಕಾಲಿನವರೆಗೆ ನೋಡಿದ. "ಯಾಕ್ರೀ?"

"ನಮಗ ನಡಿಯೂ ನೇಮ ಐತಿ."

ಅವನ ಕಣ್ಣು ನಮ್ಮ ಕ್ಯಾನ್ವಾಸ್ ಬೂಟುಗಳ ಮೇಲೆ ನಿಂತಿತು. "ನೇಮ ಇದ್ದಾವ್ರು ಬೂಟ ಹಾಕ್ಕೊಂಡ ನಡೀತಾರೇನ್ರಿ? ಪಂಢರಪುರಕ್ಕ ಹೋಗಾವ್ರನ್ನ ನೋಡೇನಿ, ಎಲ್ಲವ್ವನ ಗುಡ್ಡಕ್ಕ ಹೋಗಾವ್ರನ್ನೂ ನೋಡೇನಿ. ಹಿಂತಾ ನೇಮ ನೋಡಿಲ್ಲ." ಆಮೇಲೆ ದನಿ ಇಳಿಸಿ, "ಇರ್ಲಿ ಬಿಡ್ರಿ. ನಾ ಯಾವ ಕೇರ್ಯಾಂವ ಅನ್ನೂದು ನಿಮಗ ಗುರ್ತ ಹತ್ತಿರಬೇಕು. ನಾನ ಕರೀಬಾರದಿತ್ತು" ಎಂದು ಟವೆಲ್ಲಿಗೆ ಕೈ ಹಾಕಿದ.

ನಮ್ಮ ಮನೆಯಲ್ಲಿ ದಿನಾ ಸಂಜೆ ವಚನ ಹೇಳುತ್ತಿದ್ದೆವು. ಜಾತಿಯಿಲ್ಲ, ಕುಲವಿಲ್ಲ ಎಂಬುದನ್ನು ನಾನು ರಾಗವಾಗಿ ಹಾಡಬಲ್ಲವನಾಗಿದ್ದೆ. ಆ ಹೊತ್ತಿಗೆ ಮಾತ್ರ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಹತ್ತಿದರೆ ಹೆಸರು ಹೋಗುತ್ತದೆ. ಕೇರಿಯ ಸಂಗತಿ ಅಲ್ಲವೇ ಅಲ್ಲ ಅಜ್ಜಾ, ಇದು ಕಾಲೇಜಿನ ಪಂಥ, ಹೀಗೆ ಹೀಗೆ ಎಂದು ಬಿಡಿಸಿ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬಸಲಿಂಗ ಗಾಲಿಯ ಗುಂಬದ ಮೇಲೆ ಕಾಲಿಟ್ಟು ಹತ್ತಿ, ಟವೆಲ್ಲಿನ ಮೇಲೆ ಕೂತುಬಿಟ್ಟಿದ್ದ.

"ಏ ಬಸಲ್ಯಾ, ಹುಚ್ಚ ಹಿಡದೈತೇನ? ನೇಮ!" ಎಂದು ಕೂಗಿದೆ.

"ಅಜ್ಜಗ ಹಂಗ ಅನಿಸಿ ಕಳಸೂದ ಬ್ಯಾಡೋ ಶಿವ್ಯಾ" ಎಂದ. ಅಷ್ಟೇ. ದೊಡ್ಡ ತ್ಯಾಗ ಮಾಡಿದವನ ಮುಖ ಮಾಡಲಿಲ್ಲ.

ಮುದುಕನ ಮುಖ ಅರಳಿತು. ನಾನು ಚಕ್ಕಡಿಯ ಹಿಂದೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಬಸಲಿಂಗ ಹಿಂದಕ್ಕೆ ಬಗ್ಗಿ, "ಚೀಲನರ ಕೊಡ" ಎಂದು ಕೈ ಚಾಚಿದ. ಕೊಟ್ಟೆ. ನಾನು ಕೂರದ ಟವೆಲ್ಲಿನ ಮೇಲೆ ನನ್ನ ಚೀಲ ಕೂತು ಬಂತು. ದಿನ್ನೆ ಬಂದಾಗ ಚಕ್ಕಡಿಯ ಹಿಂದಿನ ಹಲಗೆ ಹಿಡಿದುಕೊಂಡೆ, ಎತ್ತುಗಳು ನನ್ನನ್ನು ಜಗ್ಗಿಕೊಂಡು ಏರಿದವು. ಮುದುಕ ಬಟ್ಟೆಯ ಗಂಟು ಬಿಚ್ಚಿ ಕುದಿಸಿದ ಗೆಣಸು ಕೊಟ್ಟ. ಬಸಲಿಂಗ ಅರ್ಧ ಮುರಿದು ನನಗೆ ಕೊಟ್ಟ, ಅದನ್ನೂ ತಿಂದೆ. ಗೆಣಸಿನ ಬಗ್ಗೆ ನೇಮದಲ್ಲಿ ಏನೂ ಇರಲಿಲ್ಲ. ಪಾದ ಮಾತ್ರ ನೆಲ ಬಿಡಲಿಲ್ಲ ನೋಡಿ, ಅದೊಂದನ್ನು ಬಹಳ ಜೋಪಾನ ಮಾಡಿದೆ.

ಮೂರು ಗಂಟೆಗೆಲ್ಲ ಗುಂಜಿ ಸೇರಿದೆವು. ಬಸಲಿಂಗ ಊರ ಹೊರಗೇ ಇಳಿದದ್ದರಿಂದ ಸ್ಟೇಷನ್ನಿನಲ್ಲಿದ್ದ ಮಾಸ್ತರಿಗೆ ಏನೂ ಕಾಣಲಿಲ್ಲ. ನಾನು ಬೂಟು ಕಳಚಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತೆ. ಬಸಲಿಂಗ ಚಹಾ ಕುಡಿದು ಎದ್ದವನು ಎಲ್ಲಿಗೋ ಹೋದ. ಸಂಜೆ ಆರಾಯಿತು, ಬರಲಿಲ್ಲ. ಕರಡಿ ಓಡಾಡುವ ಕಾಡು, ಹುಡುಗ ಎಲ್ಲಿ ಹೋದನೆಂದು ನನಗೂ ಹೆದರಿಕೆಯಾಗಿ ಬರಿಗಾಲಲ್ಲೇ ಊರ ಹೊರಗೆ ಬಂದು ನಿಂತೆ. ನಾವು ಬಂದ ಹಾದಿಯಲ್ಲೇ ಅವನು ನಡೆದು ಬರುತ್ತಿದ್ದ. ಬೆನ್ನ ಮೇಲೆ ಚೀಲವೂ ಇತ್ತು.

"ಎಲ್ಲಿ ಹಾಳಾಗಿ ಹೋಗಿದ್ದಿ?"

"ಆ ಅತ್ತೀ ಗಿಡದತನಾ ಹೋಗಿ ಬಂದೆ."

"ಯಾಕ?"

"ಸುಮ್ಮ. ಅಲ್ಲಿಂದ ನಡದಿದ್ದಿಲ್ಲಲ್ಲ" ಎಂದು ನಕ್ಕ.

ಹತ್ತಿದ ಜಾಗಕ್ಕೆ ವಾಪಸು ಹೋಗಿ, ಅಲ್ಲಿಂದ ಮತ್ತೆ ಗುಂಜಿಯವರೆಗೆ ನಡೆದು ಬಂದಿದ್ದ. ಹೋಗಲು ಎರಡು ಮೈಲು, ಬರಲು ಎರಡು. ನನ್ನ ಚೀಲ ಆ ದಿನ ಎರಡು ಮೈಲು ಚಕ್ಕಡಿಯ ಮೇಲೆ ಬಂದಿತ್ತು, ಅವನದು ನಾಲ್ಕು ಮೈಲು ಹೆಚ್ಚಿಗೆ ಅವನ ಬೆನ್ನ ಮೇಲೆ. ಅವನು ಹೊರಟದ್ದನ್ನು ಯಾರೂ ನೋಡಿರಲಿಲ್ಲ, ಬಂದದ್ದನ್ನು ನೋಡಿದವನು ನಾನೊಬ್ಬನೇ.

ಮುಂದಿನ ಮೂರು ದಿನ ನನಗೆ ಹಾದಿ ಕಾಣಲಿಲ್ಲ. ಲೋಂಡಾದಿಂದ ಆಚೆಗಿನ ಕಾಡು ಬಹಳ ಚಂದ ಎಂದು ಜನ ಹೇಳುತ್ತಾರೆ, ಇರಬಹುದು. ನಾನು ಅವನ ಬೆನ್ನು ನೋಡುತ್ತ ನಡೆದೆ, ಒಂದೇ ಲೆಕ್ಕ ಹಾಕುತ್ತ. ಇಬ್ಬರೂ ಮುಗಿಸಿದರೆ ಜಾಗ ಅವನದು. ಅದರಲ್ಲಿ ಸಂಶಯವೇ ಇರಲಿಲ್ಲ. ನನಗಿಂತ ಗಟ್ಟಿಗ, ಮಾಸ್ತರಿಗೂ ಅಚ್ಚುಮೆಚ್ಚಿನವ. ಅವನು ಚಕ್ಕಡಿ ಹತ್ತಿದ್ದು ನಿಜ. ನಿಜ ಹೇಳಿದರೆ ತಪ್ಪೇನು? ಎರಡನೆಯ ಸಲ ನಡೆದದ್ದನ್ನು ನೇಮ ಒಪ್ಪುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ನೇಮ ಎಂದರೆ ಎಲ್ಲೂ ಕಡಿಯದ ಒಂದೇ ನಡಿಗೆ, ನಡುವೆ ಒಂದು ತುಂಡು ಹಿಂದೆಮುಂದೆ ಆದರೆ ಅದು ನಡಿಗೆಯೇ? ಹೀಗೆ ದೊಡ್ಡ ವಕೀಲನಂತೆ ನನ್ನೊಳಗೆ ನಾನೇ ವಾದ ಮಾಡಿದೆ. ಅದು ಒಪ್ಪುತ್ತದೆಯೋ ಇಲ್ಲವೋ ಎಂದು ಮಾಸ್ತರನ್ನೇ ಕೇಳಬಹುದಿತ್ತು. ಅವರು ಒಪ್ಪಿಬಿಟ್ಟರೆ ಎಂಬ ಹೆದರಿಕೆ ನನಗೆ.

ಕ್ಯಾಸಲ್‌ರಾಕ್ ಪ್ಲಾಟ್‌ಫಾರಮ್ಮಿನಲ್ಲಿ ಮಾಸ್ತರು ತಮ್ಮ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ನೋಟುಬುಕ್ಕು. ನಮ್ಮಿಬ್ಬರನ್ನೂ ಅಟೆನ್ಷನ್‌ನಲ್ಲಿ ನಿಲ್ಲಿಸಿದರು.

"ಶಿವಾನಂದ, ನಿನ್ನ ಜೋಡೀದಾರನ ಪಾದ ನೆಲ ಬಿಟ್ಟಿತ್ತೇನು?"

"ಬಿಟ್ಟಿತ್ರಿ ಸರ್. ಗುಂಜಿ ಹಂತ್ಯಾಕ ಚಕ್ಕಡ್ಯಾಗ ಕೂತಿದ್ದ. ಎರಡ ಮೈಲ."

ಮಾಸ್ತರು ತಲೆಯೆತ್ತಿದರು. ಅವರಿಗೆ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ಪೆನ್ನು ಹಿಡಿದೇ ಕೇಳಿದರು: "ಮುಂದ?"

ಆಗ ಹೇಳಬಹುದಿತ್ತು. ಆ ಒಂದು ಪ್ರಶ್ನೆಯನ್ನು ಅವರು ನನಗಾಗಿಯೇ ಕೇಳಿದಂತಿತ್ತು.

"ಅಷ್ಟ್ರೀ ಸರ್" ಎಂದೆ.

ಬಸಲಿಂಗ ನನ್ನ ಕಡೆ ತಿರುಗಿ ನೋಡಿದ. ಬಹಳ ಹೊತ್ತೇನೂ ಅಲ್ಲ. ಮಾಸ್ತರು ಅವನಿಗೆ ಕೇಳಿದರು, "ನಿನ್ನ ಜೋಡೀದಾರ?" ಎತ್ತು ಜಗ್ಗಿದ್ದು, ಹಲಗೆ ಹಿಡಿದದ್ದು, ಟವೆಲ್ಲಿನ ಮೇಲೆ ಕೂತ ಚೀಲ, ಎಲ್ಲವನ್ನೂ ಅವನು ಮುಂದೆ ಕೂತು ನೋಡಿದ್ದ.

"ಪೂರಾ ನಡದಾನ್ರಿ ಸರ್" ಎಂದ.

ಮಾಸ್ತರು ಅವನ ಹೆಸರಿನ ಮೇಲೆ ಗೆರೆ ಎಳೆದರು. ವಾಪಸು ಬರುವಾಗ ಒಂದೇ ಬಾಕಿನ ಮೇಲೆ ಕೂತು ಬಂದೆವು. ಶೇಂಗಾ ಕೊಂಡರೆ ನನಗೂ ಕೊಟ್ಟ, ಮೊದಲಿನ ಹಾಗೆಯೇ. "ನೀವೂ ತಗೋರಿ" ಎಂದ. ಅಲ್ಲಿಯವರೆಗೆ ನಾನು ಅವನಿಗೆ ಶಿವ್ಯಾ ಆಗಿದ್ದೆ. ಅಂದಿನಿಂದ ಬಹುವಚನ ಶುರುವಾಯಿತು. ನಮ್ಮ ಕಡೆ ಗೆಳೆಯನನ್ನು ದೂರ ಇಡಲು ಜಗಳ ಆಡಬೇಕಾಗಿಲ್ಲ, ಮರ್ಯಾದೆ ಕೊಟ್ಟರೆ ಸಾಕು.

ಹಿಮಾಲಯಕ್ಕೆ ಹೋದೆ. ಮೂರನೆಯ ದಿನಕ್ಕೇ ತಲೆ ಒಡೆದುಹೋಗುವಂತೆ ನೋವು, ವಾಂತಿ. ಉಳಿದ ದಿನಗಳನ್ನು ಡೇರೆಯೊಳಗೆ ಕಂಬಳಿ ಹೊದ್ದು, ಸಂದಿನಲ್ಲಿ ಕಂಡಷ್ಟು ಹಿಮ ನೋಡಿ ಕಳೆದೆ. ಬಸಲಿಂಗನ ಕ್ಯಾಲೆಂಡರಿನಲ್ಲಿ ಅದಕ್ಕಿಂತ ಹೆಚ್ಚು ಹಿಮ ಇತ್ತು. ಶಿಬಿರದವರು ಎಲ್ಲರಿಗೂ ಕೊಡುವ ಒಂದು ಪ್ರಮಾಣಪತ್ರ ನನಗೂ ಕೊಟ್ಟರು. ನಡಿಗೆ ಮುಗಿಸಿದ್ದಕ್ಕೆ ಮಾಸ್ತರು ಕೊಟ್ಟ ಕ್ಯಾಸಲ್‌ರಾಕಿನ ಪತ್ರವೂ ಅದೂ ಸೇರಿ ಗೋಡೆಗೆ ಎರಡು ಚೌಕಟ್ಟುಗಳಾದವು. ನೌಕರಿಯ ಸಂದರ್ಶನದಲ್ಲಿ ಅವೇ ನನ್ನ ಪರವಾಗಿ ಮಾತಾಡಿದವು. ಬೆಳಗಾವಿಯಲ್ಲೇ ಕೆಲಸ ಸಿಕ್ಕಿತು. ಆಮೇಲೆ ಇನ್ನೊಂದು ರೋಗ ಹತ್ತಿತು: ಸಾಲೆಗಳ ಸ್ನೇಹಸಮ್ಮೇಳನಗಳಿಗೆ ನನ್ನನ್ನು ಭಾಷಣಕ್ಕೆ ಕರೆಯತೊಡಗಿದರು. ವಿಷಯ, ಛಲ. ಹಾರ, ತೆಂಗಿನಕಾಯಿ, ಚುರಮರಿ, ಚಹಾ. ಕರೆದಲ್ಲೆಲ್ಲ ಹೋಗುತ್ತಿದ್ದೆ. ನಾಚಿಕೆಯಾಗುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಮೊದಮೊದಲು ಆಗುತ್ತಿತ್ತು, ಮಂದಿ ಚಪ್ಪಾಳೆ ತಟ್ಟಿದಂತೆ ಕಡಿಮೆಯಾಯಿತು.

ಎಂಬತ್ತರ ದಶಕ ಅರ್ಧ ಕಳೆದಿತ್ತು. ನಂದಗಡದ ಹತ್ತಿರದ ಒಂದು ಹಳ್ಳಿಯ ಸಾಲೆಯಿಂದ ಹೀಗೇ ಕರೆ ಬಂತು. ಹೋಗಿ ಇಳಿದರೆ ಹಾರ ಹಿಡಿದು ನಿಂತ ಮಾಸ್ತರು ಬಸಲಿಂಗ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅದೇ ಸಾಲೆಯಲ್ಲಿ ಆರು ವರ್ಷದಿಂದ ಕಲಿಸುತ್ತಿದ್ದನಂತೆ. ನನ್ನನ್ನು ಕರೆಸಿದವರು ಊರಿನ ಕಮಿಟಿಯವರು, ಅವನಲ್ಲ. ಆದರೂ ಪರಿಚಯ ಮಾಡಿಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಎದ್ದು ನಿಂತು, ಮಕ್ಕಳಿಗೆ ಹೇಳಿದ: "ಇವರು ಶಿವಾನಂದ ಸರ್. ಬೆಳಗಾವಿಯಿಂದ ಕ್ಯಾಸಲ್‌ರಾಕ್‌ತನಾ ಪೂರಾ ನಡದಾರ. ನಾ ಇವರ ಜೋಡಿ ಇದ್ದೆ, ನೋಡೇನಿ."

ಎರಡನೆಯ ಸಲ ನನ್ನ ಪರ ಸಾಕ್ಷಿ ಹೇಳಿದ. ಯಾವ ಕೊಂಕೂ ಇಲ್ಲದ ದನಿ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಭಾಷಣ ಹೇಗೋ ಮುಗಿಸಿದೆ. ಪ್ರಶ್ನೆ ಇದ್ದರೆ ಕೇಳಿ ಎಂದು ಕಮಿಟಿಯವರೊಬ್ಬರು ಹುರಿದುಂಬಿಸಿದರು. ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಹಾದ್ಯಾಗ ಯಾರೂ ಬರ್ರಿ ಕುಂದರ್ರಿ ಅನ್ಲಿಲ್ಲೇನ್ರಿ?"

ಮಕ್ಕಳೆಲ್ಲ ನಕ್ಕರು. ಅವಳಿಗೆ ಅದು ನಗುವ ಮಾತಲ್ಲ. ಐದು ದಿನ ಹಾದಿಯಲ್ಲಿ ನಡೆದವನ ಪಕ್ಕ ಒಂದೂ ಚಕ್ಕಡಿ ನಿಲ್ಲದಂತಹ ಊರು ಅವಳಿಗೆ ಗೊತ್ತಿರಲಿಲ್ಲ. ಬಸಲಿಂಗ ಗೋಡೆಗೆ ಒರಗಿ ನಿಂತಿದ್ದ.

"ಇಲ್ಲಮ್ಮ, ಯಾರೂ ಕರೆಯಲಿಲ್ಲ" ಎಂದೆ.

ಅಲ್ಲಿಯವರೆಗೆ ನಾನು ಒಂದೂ ಸುಳ್ಳು ಹೇಳಿರಲಿಲ್ಲ, ಅದೇ ನನ್ನ ಧೈರ್ಯವಾಗಿತ್ತು. ಕ್ಯಾಸಲ್‌ರಾಕಿನಲ್ಲಿ ಆಡಿದ ಮಾತು ಒಂದೊಂದೂ ನಿಜ. ಈಗ ಆ ಮುದುಕನನ್ನೂ ಅವನ ಟವೆಲ್ಲನ್ನೂ ಹಾದಿಯಿಂದಲೇ ಅಳಿಸಿಹಾಕಿದೆ. ಅವನ ಕರೆಗೆ ನಾನು ಎರಡನೆಯ ಸಲ ಇಲ್ಲವೆಂದಂತಾಯಿತು.

ಚಹಾ ಆದ ಮೇಲೆ ಬಸ್ಸಿನವರೆಗೆ ಬಿಡಲು ಬಸಲಿಂಗನೇ ಬಂದ. ಊರ ಅಗಸಿ ಬಾಗಿಲ ಹತ್ತಿರ ಯಾರೂ ಇರಲಿಲ್ಲ. ತಡೆಯಲಾರದೆ ಕೇಳಿದೆ. "ಅವತ್ತ ನೀ ಯಾಕ ಸುಮ್ಮ ನಿಂತಿ? ತಿರುಗಿ ನಡದೇನಿ ಅಂತ ಒಂದ ಮಾತ ಹೇಳಿದ್ರ ಆಗ್ತಿತ್ತು. ಹೆಸರ ಹೊಡೀತಿದ್ರು ಹೊಡೀತಿದ್ರು, ಹೆಂಗೂ ಹೊಡದ್ರು. ಮಾಸ್ತರಿಗೆ ಖರೇ ಗೊತ್ತಾಗ್ತಿತ್ತು."

ಅವನು ಹಾದಿ ನೋಡುತ್ತಲೇ ಹೇಳಿದ:

"ನನ್ನ ಸುದ್ದಿ ಹೇಳಾಂವ ನೀ ಇದ್ದೆಲ್ಲೋ ಶಿವ್ಯಾ. ಹೇಳ್ತಿ ಅಂತ ಕಾಯ್ಕೊಂತ ನಿಂತಿದ್ದೆ. ರೈಲ ಬರೂತನಾ ಕಾದೆ. ರೈಲಿನ್ಯಾಗೂ ಕಾದೆ."

ಜಾಧವ ಮಾಸ್ತರು ಇನ್ನೂ ಇದ್ದಾರೆ, ಮುದುಕರಾಗಿದ್ದಾರೆ, ನಾಳೆಯೇ ಹೋಗಿ ಎಲ್ಲ ಹೇಳುತ್ತೇನೆ, ನಿನ್ನ ಹೆಸರು ಬರೆಸುತ್ತೇನೆ ಎಂದು ಅವನ ಕೈ ಹಿಡಿದುಕೊಂಡೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ.

"ಬ್ಯಾಡ್ರಿ ಸರ್. ಅವತ್ತ ಹೇಳಿದ್ರ ಅದು ನನ್ನ ಸಲುವಾಗಿ ಆಗ್ತಿತ್ತು. ಈಗ ಹೇಳಿದ್ರ ನಿಮ್ಮ ಸಲುವಾಗಿ ಆಕ್ಕೈತಿ. ಬಸ್ ಬಂತು ನೋಡ್ರಿ, ಹತ್ತರಿ."

ಹತ್ತಿದೆ. ಮಾಸ್ತರ ಮನೆಗೆ ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಅವನೇ ಬೇಡವೆಂದಿದ್ದಾನಲ್ಲ ಎಂದು ಮತ್ತೆ ಒಳಗಿನ ವಕೀಲ ಎದ್ದು ನಿಂತ. ಎರಡು ವರ್ಷಕ್ಕೆ ಮಾಸ್ತರು ತೀರಿಕೊಂಡರು. ಅವರ ನೋಟುಬುಕ್ಕಿನಲ್ಲಿ ಆ ವರ್ಷ ಪೂರಾ ನಡೆದವನು ನಾನೊಬ್ಬನೇ.

ಈಗ ನಿಮ್ಮ ಮುಂದೆ ಹೇಳಿದ್ದೇನೆ. ಯಾರ ಸಲುವಾಗಿ ಎಂದು ನೀವು ಕೇಳುವ ಮೊದಲೇ ಉತ್ತರ ನನಗೆ ಗೊತ್ತಿದೆ, ಅವನು ಹೇಳಿದ್ದು ಖರೇ. ಹೇಳಿ ಮುಗಿಸಿದೆ ಎಂದು ಹಗುರಾಗಿ ಏಳೋಣವೆಂದರೆ ಅದೂ ಆಗುವಂತಿಲ್ಲ. ಬಸಲಿಂಗ ಅವನ ಖರೇ ಹೆಸರಲ್ಲ. ಶಿವಾನಂದ ನನ್ನದೂ ಅಲ್ಲ.